ತೆಳ್ಳನೆಯ ಲ್ಯಾಪ್‌ಟಾಪು, ಕಮಲಾಪುರದ ಬಸ್ಸಿನ ಸೀಟು

ದುಬಾರಿ ಲ್ಯಾಪ್‌ಟಾಪು ಕೊಂಡವರನ್ನು ಎಲ್ಲರೂ ಕೇಳುವುದು ಒಂದೇ: ಅಷ್ಟು ರೊಕ್ಕ ಸುರಿಯುವಂಥದ್ದು ಅದರಲ್ಲೇನಿದೆ? ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳಿದರು, ಬ್ರಹ್ಮಪುರದ ನಮ್ಮ ಓಣಿಯಲ್ಲಿ ಕೇಳಿದರು, ನಮ್ಮ ಯಜಮಾನರಂತೂ ದಿನಾ ಊಟಕ್ಕೆ ಕೂತಾಗ ಕೇಳಿದರು. ಹೇಳಿ ಹೇಳಿ ಬಾಯಿ ಸೋತಿದೆ. ಇದೊಂದು ಸಲ ಪೂರ್ತಿ ಹೇಳಿ ಕೈ ತೊಳೆದುಕೊಳ್ಳುತ್ತೇನೆ.

ನನ್ನ ಮನೆ ಕಲಬುರಗಿಯಲ್ಲಿ, ನೌಕರಿ ಕಮಲಾಪುರದಲ್ಲಿ. ಅರ್ಥಶಾಸ್ತ್ರ ಕಲಿಸುವ ಕೆಲಸ. ವರ್ಷಗಟ್ಟಲೆ ಬಸ್ಸಿನಲ್ಲಿ ಹೋಗಿ ಬಂದು ಎಡಭುಜ ಹಿಡಿದುಕೊಂಡಿತು. ಕೈಯೆತ್ತಿ ಜಡೆ ಹಾಕಿಕೊಳ್ಳಲೂ ಆಗದಂತಾದಾಗ ಡಾಕ್ಟರು, “ಇನ್ನ ಭಾರ ಎತ್ತಂಗಿಲ್ರೀ ಮೇಡಂ” ಎಂದರು. ಯಜಮಾನರಿಗೆ ಅಷ್ಟೇ ಬೇಕಾಗಿತ್ತು.

“ಸಾಕು ಮಾಡು. ಬಿಟ್ಟುಬಿಡು ನೌಕರಿ. ಮಕ್ಕಳು ತಮ್ಮ ದಾರಿ ತಾವು ನೋಡ್ಕೊಂಡಾರ. ಯಾರಿಗೆ ದುಡದ ಹಾಕಬೇಕಾಗೇದ?”

ಬಿಡುವುದಿಲ್ಲ ಎಂದೆ. ಹಟವೇ ಅನ್ನಿ. ಕ್ಲಾಸಿನಲ್ಲಿ ಡಸ್ಟರು ಕೈಗೆ ತೆಗೆದುಕೊಂಡರೆ ನನ್ನ ಮಾತನ್ನು ಒಂದಿಷ್ಟು ಜನ ಕೂತು ಕೇಳುತ್ತಾರೆ. ಮನೆಯಲ್ಲಿ ಕುಕ್ಕರಿನ ಸಿಳ್ಳಿಗೆ ಇರುವ ಬೆಲೆಯೂ ನನ್ನ ಮಾತಿಗಿಲ್ಲ. ಹಳೆಯ ಲ್ಯಾಪ್‌ಟಾಪು ರುಬ್ಬುಗುಂಡಿನಂಥದ್ದು, ಭುಜ ಕೆಡಿಸಿದ್ದು ಅದೇ ಎಂದು ನಾನೇ ತೀರ್ಮಾನ ಮಾಡಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಹಗುರವಾದದ್ದನ್ನು ತಂದೆ. ಹಗುರ ಮಾಡಿಕೊಂಡರೆ ನೌಕರಿ ಉಳಿಯುತ್ತದೆ ಎಂಬುದು ನನ್ನ ಲೆಕ್ಕ.

ಸುಳ್ಳೇಕೆ ಹೇಳಲಿ, ಯಂತ್ರ ಒಳ್ಳೆಯದೇ. ಮುಂಜಾನೆ ಚಾರ್ಜು ಮಾಡಿದರೆ ಸಂಜೆವರೆಗೂ ಸಾಕು, ಕರೆಂಟು ಹೋದರೂ ಅಂಕ ತುಂಬುವ ಕೆಲಸ ನಿಲ್ಲುತ್ತಿರಲಿಲ್ಲ. ಆದರೆ ಪೆನ್‌ಡ್ರೈವ್ ಚುಚ್ಚಲು ಜಾಗವಿಲ್ಲ. ಪ್ರೊಜೆಕ್ಟರಿಗೆ ಬೇರೊಂದು ತುಂಡು ವೈರು ಬೇಕು, ಅದನ್ನು ಮರೆತ ದಿನ ಹುಡುಗರೆದುರು ಮೋರೆ ಸಣ್ಣದು ಮಾಡಿಕೊಂಡು ನಿಲ್ಲಬೇಕು. ನಮ್ಮೂರ ಬೇಸಿಗೆಯಲ್ಲಿ ಅದರ ಲೋಹದ ಬೆನ್ನು ತೊಡೆ ಸುಡುವಷ್ಟು ಕಾಯುತ್ತಿತ್ತು. “ಗ್ಯಾಸ್ ಉಳೀತದ, ಅದರ ಮ್ಯಾಲೇ ರೊಟ್ಟಿ ಹಾಕು” ಎಂದರು ಯಜಮಾನರು.

ಒಂದು ದಿನ ಅವರು ನನ್ನ ಚೀಲದೊಳಗಿನದನ್ನೆಲ್ಲ ತೆಗೆದು ಮಂಚದ ಮೇಲೆ ಹರವಿದರು. ಬುತ್ತಿ ಡಬ್ಬಿ, ನೀರಿನ ಬಾಟಲಿ, ಉತ್ತರಪತ್ರಿಕೆಗಳ ಕಟ್ಟು, ಛತ್ರಿ.

“ಹಗುರಾದದ್ದಕ್ಕ ರೊಕ್ಕ ಕೊಟ್ಟಿ. ಭಾರ ಇದ್ದದ್ದು ಹಂಗೇ ಹೊರಾಕತ್ತಿ. ಶಾಣ್ಯಾ ಇದ್ದಿ ನೋಡು!”

ಮಾತು ಚುಚ್ಚಿತು. ಅಂದಿನಿಂದ ಪತ್ರಿಕೆಗಳನ್ನು ಕಾಲೇಜಿನಲ್ಲೇ ಬಿಟ್ಟೆ, ಊಟ ಅಲ್ಲಿಯ ಖಾನಾವಳಿಯಲ್ಲಿ. ಚೀಲದಲ್ಲಿ ಲ್ಯಾಪ್‌ಟಾಪು ಒಂದೇ. ಹೆಗಲಿಗೆ ಏನಾದರೂ ಹಾಕಿಕೊಂಡಿದ್ದೇನೆ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಇನ್ನು ಬಸ್ಸಿನ ಮಾತು. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲೋ ಚೀಲವೋ ಒಗೆದು ಸೀಟು ಹಿಡಿಯುತ್ತಾರೆ. ಯಾರ ಸಾಮಾನು ಬಿತ್ತೋ ಅವರದು ಸೀಟು. ನಾನು ಒಗೆಯುತ್ತಿದ್ದದ್ದು ಕರ್ಚೀಫು. ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಗದ್ದಲ ಹೆಚ್ಚಾಗಿ, ಕರ್ಚೀಫನ್ನು ಯಾರೂ ಲೆಕ್ಕಕ್ಕೆ ಹಿಡಿಯದಂತಾದರು. ಸೀಟು ಸಿಗದಿದ್ದರೆ ಬಲಗೈಯೊಂದರಿಂದಲೇ ಮೇಲಿನ ಕಂಬಿಗೆ ಜೋತುಬೀಳಬೇಕು, ಬಸ್ಸು ಕುಲುಕಿದಾಗೆಲ್ಲ ಎಡಭುಜಕ್ಕೆ ಪೆಟ್ಟು. ಕಮಲಾಪುರ ಬರುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು.

ಅವತ್ತು ಸೋಮವಾರ. ಕಮಲಾಪುರದ ಮೇಲೆ ಹೋಗುವ ಹುಮನಾಬಾದ ಬಸ್ಸು ನಿಲ್ದಾಣದೊಳಗೆ ತಿರುಗುತ್ತಿದ್ದಂತೆ ಜನ ಮುಗಿಬಿದ್ದರು. ಹಿಂದಿನ ಇರುಳೆಲ್ಲ ಭುಜ ಸೆಳೆದು ನಿದ್ದೆಯಾಗಿರಲಿಲ್ಲ. ನಿಂತು ಹೋಗುವುದು ನನ್ನಿಂದಾಗದು ಎಂಬುದೊಂದೇ ತಲೆಯಲ್ಲಿ. ಬಲಗೈ ತಾನಾಗಿ ಹೆಗಲ ಚೀಲ ತೆಗೆದು ಕಿಟಕಿಯೊಳಗೆ ಒಗೆದೇಬಿಟ್ಟಿತು. ಖಾಲಿ ಚೀಲದ ಹಾಗೆ ಹೋಗಿ ಬಿತ್ತು.

ಮೆಟ್ಟಿಲ ಮೇಲೆ ಕಾಲಿಟ್ಟಾಗ ನೆನಪಾಯಿತು. ಅಯ್ಯೋ ಶಿವನೇ! ತಳ್ಳಾಡಿಕೊಂಡು ಹೋಗಿ ನೋಡಿದರೆ, ಆ ಸೀಟಿನ ಮೇಲೆ ಮೈತುಂಬಿದ ಮುದುಕಿಯೊಬ್ಬಳು ಕಾಲು ಚಾಚಿ ಕೂತಿದ್ದಾಳೆ.

“ಯವ್ವಾ, ನನ್ನ ಚೀಲ!”

“ನಿಮ್ದೇನ್ರಿ ಅಕ್ಕೋರೇ? ಬರ್ರಿ, ಕುಂದರ್ರಿ. ಒಬ್ಬಾಕಿ ಚೀಲ ತಗದ ಒಗದು ಕುಂದ್ರಾಕ ಬಂದಿದ್ಲು, ಬಿಡಲಿಲ್ಲ ನಾ. ಅದರ ಮ್ಯಾಲೇ ಕುಂತು ನಿಮ್ಮ ಸೀಟು ಕಾದೀನಿ.”

ಅವಳು ಕಿಟಕಿಯ ಕಡೆ ಸರಿದು, ಅಡಿಯಿಂದ ಚೀಲ ಎಳೆದುಕೊಟ್ಟಳು. ಕೂತು ಜಿಪ್ ಎಳೆದೆ. ಸ್ಕ್ರೀನು ಮೂಲೆಯಿಂದ ಮೂಲೆಗೆ ಸೀಳಿತ್ತು, ಮೈ ಬಾಗಿತ್ತು. ಮುದುಕಿ ಬಗ್ಗಿ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

“ಒಡದೇನ್ರಿ? ಏನೂ ಇಲ್ಲದ ಚೀಲ ಅಂತ ತಿಳದಿದ್ದೆ ನಮ್ಮವ್ವಾ!”

“ಇರಲಿ ಬಿಡವ್ವಾ” ಎಂದೆ. ಸಿಟ್ಟು ಬರಬೇಕಾಗಿತ್ತು. ಬಂದದ್ದು ನಿದ್ದೆ. ಬೆನ್ನು ಸೀಟಿಗೆ ತಾಗಿದ್ದೇ ತಡ, ಒಡೆದದ್ದನ್ನು ತೊಡೆಯ ಮೇಲಿಟ್ಟುಕೊಂಡು ಮುದುಕಿಯ ಹೆಗಲಿಗೊರಗಿ ಮಲಗಿಬಿಟ್ಟೆ. ಕಮಲಾಪುರದಲ್ಲಿ ಅವಳೇ ಅಲುಗಿಸಿ ಎಬ್ಬಿಸಿದಳು. ಲ್ಯಾಪ್‌ಟಾಪು ಹೋಯಿತಲ್ಲ ಎಂಬ ದುಃಖ ಆಗಲೂ ಬರಲಿಲ್ಲ. ಇನ್ನು ಇಳಿಯಬೇಕಲ್ಲ, ಹೋಗಿ ನಿಂತು ಪಾಠ ಮಾಡಬೇಕಲ್ಲ ಎಂದು ಅಳು ಬಂತು. ಇಷ್ಟು ವರ್ಷದಲ್ಲಿ ಹಾಗೆ ಅನ್ನಿಸಿದ್ದು ಅದೇ ಮೊದಲು, ಅದಕ್ಕೇ ಹೆದರಿದೆ.

ಸಂಜೆ ಚೀಲವನ್ನು ಯಜಮಾನರ ಮುಂದಿಟ್ಟು ನಡೆದದ್ದು ಹೇಳಿದೆ. “ನೀವು ಹೇಳಿದ್ದೇ ಖರೆ. ನಾ ಇನ್ನ ಹೋಗಂಗಿಲ್ಲ. ನೌಕರಿ ಬಿಡ್ತೀನಿ.”

ನಗುತ್ತಾರೆ, ಹಂಗಿಸುತ್ತಾರೆ ಎಂದುಕೊಂಡಿದ್ದೆ. ಅವರು ಒಡೆದ ಸ್ಕ್ರೀನನ್ನು ನೋಡಲೇ ಇಲ್ಲ, ನನ್ನ ಮೋರೆ ನೋಡಿದರು. ಬಿಡು ಬಿಡು ಎಂದು ದಿನಾ ಜೀವ ತಿಂದ ಮನುಷ್ಯ, ಬಿಡುತ್ತೇನೆ ಎಂದ ಕೂಡಲೇ ಗಾಬರಿಯಾಗಿದ್ದರು. ಎದ್ದು ಚಪ್ಪಲಿ ಮೆಟ್ಟಿ ಚೀಲ ಕೈಗೆ ತೆಗೆದುಕೊಂಡರು.

“ಸೂಪರ್ ಮಾರ್ಕೆಟ್ ಏರಿಯಾದಾಗ ದುರಸ್ತಿ ಮಾಡೋರು ಅದಾರ, ನಡಿ. ಹೊಸಾ ಸ್ಕ್ರೀನ್ ಹಾಕಿಸೂಣು. ನಾಳಿಂದ ಸೀಟು ನಾನೇ ಬಂದು ಹಿಡದ ಕೊಡ್ತೀನಿ. ಏಳು, ಹಂಗ ಕುಂದ್ರಬ್ಯಾಡ.”

“ಅದು ದುರಸ್ತಿ ಆಗ್ತದ್ರೀ” ಎಂದೆ. “ನಂದು ಆಗೂದಿಲ್ಲ.”

ಅವರು ಚಪ್ಪಲಿ ಬಿಚ್ಚಿ, ಬಂದು ನನ್ನ ಪಕ್ಕದಲ್ಲಿ ಕೂತರು.