ಫೇಲಾದರೆ ಪಾಸು

ನನ್ನ ತಾಯಿಯ ಕಿರಿಯ ತಮ್ಮ ದಡ್ಡನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ನಾವು ಸಣ್ಣಮಾವ ಎಂದು ಕರೆಯುತ್ತಿದ್ದ ಅವನು ಡಿಪ್ಲೊಮಾದ ಕೊನೆಯ ವರ್ಷದಲ್ಲಿ ಒಂದೇ ಒಂದು ವಿಷಯವನ್ನು ಬಿಟ್ಟೂಬಿಡದೆ ಫೇಲು ಮಾಡಿಕೊಳ್ಳುತ್ತಿದ್ದ. ಮಿಕ್ಕ ವಿಷಯಗಳಲ್ಲಿ ಅವನಿಗೆ ಬಂದ ಅಂಕ ನೋಡಿದರೆ ಹೊಟ್ಟೆಕಿಚ್ಚು ಆಗಬೇಕು, ಹಾಗಿತ್ತು.

ಅವನು ಇದ್ದದ್ದು ನಮ್ಮ ಮನೆಯಲ್ಲೇ. ಮುಂದಿನ ಕೋಣೆ ಅಪ್ಪನ ಟೈಲರಿಂಗ್ ಅಂಗಡಿ: ಎರಡು ಹೊಲಿಗೆ ಮಷೀನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ತುಂಬ ನೇತಾಡುವ ಅರ್ಧ ಹೊಲಿದ ಪ್ಯಾಂಟುಗಳು. ಸಂಜೆ ಕಾಲೇಜಿನಿಂದ ಬಂದ ಸಣ್ಣಮಾವ ಮೇಜಿನ ಮೂಲೆಯಲ್ಲಿ ಕೂತು ಕಾಜ ಹೊಲಿಯುತ್ತಿದ್ದ, ಗುಂಡಿ ಹಚ್ಚುತ್ತಿದ್ದ. ಬೆಳಗ್ಗೆ ನಾನೂ ಅವನೂ ಒಂದೇ ಬಸ್ಸು. ಮೊದಲು ಅವನ ಕಾಲೇಜು, ಅದರ ಮುಂದಿನ ಸ್ಟಾಪು ನನ್ನ ಶಾಲೆ. ಇಬ್ಬರ ಹತ್ತಿರವೂ ವಿದ್ಯಾರ್ಥಿ ಪಾಸು ಇತ್ತು. ವರ್ಷಕ್ಕೊಮ್ಮೆ ಚೂರುಪಾರು ದುಡ್ಡು ಕಟ್ಟಿ ಫೋಟೊ ಅಂಟಿಸಿದರೆ ವರ್ಷವಿಡೀ ಓಡಾಡಬಹುದಿತ್ತು. ಫೇಲಾಗಿ ಮತ್ತೆ ಪರೀಕ್ಷೆಗೆ ಕಟ್ಟಿದವರಿಗೂ ಕಾಲೇಜಿನವರು ಮುದ್ರೆ ಒತ್ತಿಕೊಟ್ಟರೆ ಪಾಸು ಸಿಗುತ್ತಿತ್ತು. ಎಲ್ಲ ಎಡವಟ್ಟಿಗೂ ಮೂಲ ಈ ಕೊನೆಯ ಅನುಕೂಲವೇ.

ಒಂದು ದಿನ ನಮ್ಮ ಬಸ್ಸಿಗೆ ಹೊಸ ಕಂಡಕ್ಟರ್ ಬಂದಳು. ಕುಳ್ಳಗಿದ್ದಳು, ಚುರುಕಾಗಿದ್ದಳು. ಸೂಜಿ ಹಾಕಲೂ ಜಾಗವಿಲ್ಲದ ಬಸ್ಸಿನಲ್ಲಿ ಒಬ್ಬರ ಕಾಲನ್ನೂ ತುಳಿಯದೆ ಹಿಂದಿನಿಂದ ಮುಂದಕ್ಕೆ ಬಂದುಬಿಡುತ್ತಿದ್ದಳು. ಸಣ್ಣಮಾವ ಪಾಸು ತೋರಿಸಿದ. ಅದರ ಫೋಟೊದಲ್ಲಿ ಅವನು ಕೋಟು ಹಾಕಿಕೊಂಡು ಮದುವೆ ಗಂಡಿನ ಹಾಗೆ ಕೂತಿದ್ದ. ಎದುರಿಗೆ ನಿಂತವನೋ, ಕೈಮಡಿಚಿದ ಹಳೇ ಅಂಗಿಯಲ್ಲಿದ್ದ.

"ನಿಮ್ಮಣ್ಣನ ಪಾಸ್ ತಂದಿದ್ದೀರಾ?" ಅಂದಳು.

"ಇಲ್ಲ, ನಾನೇ."

"ಮತ್ತೆ ಈ ಕೋಟು?"

"ಅದು ಗಿರಾಕೀದು."

ಬಸ್ಸಿಗೆ ಬಸ್ಸೇ ಗೊಳ್ಳೆಂದಿತು. ಅವಳು ಮಾತ್ರ ನಗಲಿಲ್ಲ. ಫೋಟೊ ನೋಡಿದಳು, ಮುಖ ನೋಡಿದಳು, ಮತ್ತೆ ಫೋಟೊ, ಮತ್ತೆ ಮುಖ. ಆಮೇಲೆ, "ಕಿವಿ ಒಂದೇ ಥರ ಇದೆ, ಹೋಗ್ಲಿ" ಎಂದು ಪಾಸು ವಾಪಸು ಕೊಟ್ಟಳು. ಆ ಹೊತ್ತು ಸಣ್ಣಮಾವ ಕಾಲೇಜಿನ ಸ್ಟಾಪಿನಲ್ಲಿ ಇಳಿಯುವುದನ್ನೇ ಮರೆತು ನನ್ನ ಶಾಲೆಯವರೆಗೂ ಬಂದ. ನನ್ನ ಜೊತೆ ಇಳಿದು, ಗೇಟಿನ ಒಳಕ್ಕೂ ಬಂದ. ವಾಚ್‌ಮನ್ ತಡೆಯದಿದ್ದರೆ ಏಳನೇ ಕ್ಲಾಸಿನಲ್ಲಿ ಕೂತೇಬಿಡುತ್ತಿದ್ದನೋ ಏನೋ.

ಅಂದಿನಿಂದ ದಿನವೂ ಅದೇ ಆಟ. ಅವಳು "ಪಾಸಾ?" ಅನ್ನುವಳು. ಅವನು ಎರಡೂ ಕೈಯಲ್ಲಿ ಪಾಸು ಒಪ್ಪಿಸುವನು. ಅವಳು ಫೋಟೊ ನೋಡುವಳು, ಮುಖ ನೋಡುವಳು. ನನ್ನ ಪಾಸಿನ ಕಡೆಗಂತೂ ಕಣ್ಣು ಹಾಯಿಸುತ್ತಲೇ ಇರಲಿಲ್ಲ, ನಾನು ಇಲಿಯ ಫೋಟೊ ಅಂಟಿಸಿಕೊಂಡಿದ್ದರೂ ನಡೆಯುತ್ತಿತ್ತು. ಮಾತು ಅಂತ ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚು ಇರಲಿಲ್ಲ. ಆದರೂ ಸಣ್ಣಮಾವ ರಾತ್ರಿಯೇ ಅಂಗಿಗೆ ಇಸ್ತ್ರಿ ಹಾಕಿಟ್ಟುಕೊಳ್ಳುವುದು, ಬೆಳಗ್ಗೆ ಕನ್ನಡಿಯಲ್ಲಿ ಕಿವಿ ನೋಡಿಕೊಳ್ಳುವುದು ಶುರುವಾಯಿತು. ಕಿವಿಗೂ ಎಣ್ಣೆ ಹಚ್ಚುವ ಗಂಡಸನ್ನು ನಾನು ಕಂಡದ್ದು ಅವನೊಬ್ಬನನ್ನೇ.

ಅಷ್ಟರಲ್ಲಿ ಪರೀಕ್ಷೆ ಬಂತು. ಪರೀಕ್ಷೆ ಪಾಸಾದರೆ ಬಸ್ಸಿನ ಪಾಸು ಹೋಗುತ್ತಿತ್ತು. ಸಣ್ಣಮಾವ ಫೇಲಾದ. ಗಿರಾಕಿಯೊಬ್ಬರ ಹೊಸ ಕೋಟು ಹಾಕಿಕೊಂಡು ಹೊಸ ಫೋಟೊ ತೆಗೆಸಿ ಹೊಸ ಪಾಸು ಮಾಡಿಸಿದ. ಆಮೇಲೆ ಮತ್ತೊಮ್ಮೆ ಫೇಲಾದ, ಮತ್ತೊಂದು ಕೋಟು.

ಗುಟ್ಟು ರಟ್ಟಾದದ್ದು ಅವನ ಕಾಲೇಜಿನ ಮೇಷ್ಟ್ರೊಬ್ಬರು ಪ್ಯಾಂಟಿನ ಅಳತೆ ಕೊಡಲು ಬಂದಾಗ. ಅಪ್ಪ ಅವರ ಸೊಂಟಕ್ಕೆ ಟೇಪು ಸುತ್ತಿದ್ದರು. ಮೇಷ್ಟ್ರು, "ನಿಮ್ಮ ಭಾವಮೈದುನ ಬಲು ವಿಚಿತ್ರ ಕಣ್ರೀ. ಆ ಒಂದು ಪೇಪರಿಗೆ ಬರ್ತಾನೆ, ನಂಬರ್ ಬರೀತಾನೆ, ಕಿಟಕಿ ನೋಡ್ಕೊಂಡು ಕೂತಿರ್ತಾನೆ. ಬೆಲ್ ಹೊಡೆದ ಮೇಲೆ ನಗ್ತಾ ಎದ್ದು ಹೋಗ್ತಾನೆ" ಅಂದರು. ಅಪ್ಪನ ಕೈಯಲ್ಲಿದ್ದ ಟೇಪು ತನ್ನಷ್ಟಕ್ಕೆ ಬಿಗಿಯಿತು. ಮೇಷ್ಟ್ರು ಉಸಿರಿಗಾಗಿ ಕೈಕಾಲು ಆಡಿಸಿದ ಮೇಲೆಯೇ ಅಪ್ಪನಿಗೆ ಎಚ್ಚರವಾದದ್ದು. ಆ ಪ್ಯಾಂಟು ಆಮೇಲೆ ಅವರಿಗೆ ಹಿಡಿಸಲೇ ಇಲ್ಲ.

ಸಂಜೆ ವಿಚಾರಣೆ. ಸಣ್ಣಮಾವ ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಎಲ್ಲವನ್ನೂ ಒಪ್ಪಿಕೊಂಡ.

"ಅಲ್ಲಯ್ಯಾ," ಅಪ್ಪ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದರು, "ಆ ಹುಡುಗಿಯನ್ನ ನೋಡ್ಬೇಕು ಅಂದ್ರೆ ಟಿಕೆಟ್ ತಗೊಂಡು ಬಸ್ ಹತ್ತು! ಟಿಕೆಟ್ ಅನ್ನೋದೊಂದು ಇದೆ ಅಂತ ಗೊತ್ತಿದೆ ತಾನೇ?"

"ಅದು ಹಾಗಲ್ಲ ಭಾವ," ಸಣ್ಣಮಾವ ನೆಲ ನೋಡುತ್ತ ಹೇಳಿದ. "ಟಿಕೆಟ್ ತಗೊಳ್ಳೋನ ಕೈ ನೋಡ್ತಾರೆ. ಪಾಸ್ ತೋರ್ಸೋನ ಮುಖ ನೋಡ್ತಾರೆ."

ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಅವಳು ನಕ್ಕದ್ದು ಬೀದಿಗೆ ಕೇಳಿಸಿತು. ನಕ್ಕು ಸುಸ್ತಾಗಿ ಬಂದವಳೇ, "ಲೋ ಪೆದ್ದೂ, ಮೇಲಿಂದ ಮೇಲೆ ಫೇಲಾಗೋ ಗಂಡನ್ನ ಯಾವ ಹುಡುಗಿ ಒಪ್ತಾಳೋ?" ಅಂದಳು. ಅಪ್ಪ, "ಈ ಸಲ ಪಾಸಾಗ್ಲಿಲ್ಲ ಅಂದ್ರೆ ಜೀವಮಾನವೆಲ್ಲ ಇಲ್ಲೇ ಕೂರಿಸಿ ಲಂಗಕ್ಕೆ ಲಾಡಿ ಹಾಕಿಸ್ತೀನಿ" ಅಂದರು.

ಲಾಡಿಗೆಲ್ಲ ಸಣ್ಣಮಾವ ಹೆದರುವವನಲ್ಲ. ಅವನನ್ನು ಕುಟುಕಿದ್ದು ಬೇರೆ. ಆ ವಾರದಲ್ಲೇ ಒಂದು ಬೆಳಗ್ಗೆ ಕಂಡಕ್ಟರಕ್ಕ ಪಾಸನ್ನು ತಿರುಗಿಸಿ ನೋಡಿ, "ಕೊನೇ ವರ್ಷ ಅಂತಿದೆಯಲ್ಲ, ನಾನು ಕೆಲಸಕ್ಕೆ ಸೇರಿದಾಗ್ಲೂ ಕೊನೇ ವರ್ಷ, ಈಗ್ಲೂ ಕೊನೇ ವರ್ಷ. ನಾನು ರಿಟೈರ್ ಆಗೋವಾಗ ಎಷ್ಟನೇ ವರ್ಷ ಇರುತ್ತೆ?" ಅಂದಳು. ಡ್ರೈವರು ಕೂಡ ಸ್ಟೇರಿಂಗು ಬಡಿದು ನಕ್ಕ. ಅವಳು ಪಾಸು ವಾಪಸು ಕೊಡುವಾಗ ತಗ್ಗಿದ ದನಿಯಲ್ಲಿ, "ಸ್ವಲ್ಪ ಓದಬಾರ್ದಾ?" ಅಂದದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ಸಣ್ಣಮಾವನ ಕಿವಿ ಕೆಂಪಗಾಯಿತು, ಎರಡೂ.

ಓದಲು ಅವನಿಗೇನಿತ್ತು, ಎಲ್ಲ ಬರುತ್ತಿತ್ತು. ಹೋಗಿ ಬರೆದು ಬಂದ. ಆ ಪೇಪರಿನಲ್ಲಿ ಕಾಲೇಜಿಗೇ ಮೊದಲಿಗ. ಅಪ್ಪ ಬೀದಿಯವರಿಗೆಲ್ಲ ಚಾಕಲೇಟು ಹಂಚಿದರು. ಊರಿನ ಇನ್ನೊಂದು ತುದಿಯ ಪಂಪು ಕಾರ್ಖಾನೆಯಲ್ಲಿ ಕೆಲಸವೂ ಸಿಕ್ಕಿತು, ಅಲ್ಲಿಗೆ ಬೇರೆ ದಾರಿ, ಬೇರೆ ಬಸ್ಸು. ಮನೆಯಲ್ಲಿ ಎಲ್ಲರೂ ಕುಣಿಯುತ್ತಿದ್ದರೆ ಸಣ್ಣಮಾವ ಒಬ್ಬನೇ ಹರಕೆಯ ಕುರಿಯ ಹಾಗೆ ಕಾಜ ಹೊಲಿಯುತ್ತ ಕೂತಿದ್ದ. ಮಕ್ಕಳ ಫ್ರಾಕಿಗೆ ಪ್ಯಾಂಟಿನ ಗುಂಡಿ ಹಚ್ಚಿದ.

ಅಂಕಪಟ್ಟಿ ತರಲು ಕಾಲೇಜಿಗೆ ಒಂದು ಸಲ ಹೋಗುವುದು ಬಾಕಿ ಇತ್ತು. ಅದೇ ನಮ್ಮ ಬಸ್ಸಿನಲ್ಲಿ ಅವನ ಕೊನೆಯ ಪ್ರಯಾಣ. "ಇವತ್ತು ಮಾತಾಡದೆ ಬಂದ್ರೆ ಮನೆಗೆ ಸೇರಿಸಲ್ಲ" ಎಂದು ಅಮ್ಮ ಬಾಗಿಲಲ್ಲಿ ಬೆದರಿಸಿ ಕಳಿಸಿದಳು. ಸಣ್ಣಮಾವ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತ ಮಾತು ಉರುಹೊಡೆಯುತ್ತಿದ್ದ.

ಬಸ್ಸು ಹತ್ತಿದೆವು. ಕಂಡಕ್ಟರಕ್ಕ ಬಂದಳು. ಸಣ್ಣಮಾವ ನೋಟು ಚಾಚಿ, "ಕಾಲೇಜು, ಒಂದು" ಅಂದ. ಉರುಹೊಡೆದದ್ದರಲ್ಲಿ ಹೊರಬಿದ್ದದ್ದು ಅಷ್ಟೇ. ಅವಳು ನೋಟು ನೋಡಿದಳು. ಆಮೇಲೆ ಅವನ ಕೈಯಿಂದ ನೋಟು ತೆಗೆದುಕೊಂಡಳು, ಮಷೀನು ಒತ್ತಿದಳು, ಟಿಕೆಟ್ಟು ಹರಿದು ಕೊಟ್ಟಳು, ಚಿಲ್ಲರೆ ಕೊಟ್ಟಳು, ತಲೆಯೆತ್ತದೆ ಮುಂದಕ್ಕೆ ಹೋದಳು. ಅವನು ಹೇಳಿದ್ದ ಹಾಗೆಯೇ ಆಯಿತು. ಸಣ್ಣಮಾವ ಟಿಕೆಟ್ಟನ್ನು ಮುಷ್ಟಿಯಲ್ಲಿ ಹಿಸುಕಿಕೊಂಡು ಕಿಟಕಿಯ ಕಡೆ ತಿರುಗಿದ.

ಕಾಲೇಜಿನ ಸ್ಟಾಪು ಬಂತು. ಅವನು ಬಾಗಿಲಿಗೆ ಹೋಗಿ ಒಂದು ಕಾಲು ಕೆಳಗಿಟ್ಟದ್ದೇ, "ರೀ! ಎಲ್ಲಿ ಇಳೀತಿದ್ದೀರಾ?" ಎಂದು ಹಿಂದಿನಿಂದ ಕೂಗು ಬಂತು.

"ಕಾಲೇಜು ಬಂತಲ್ಲ?"

"ಟಿಕೆಟ್ ನೋಡ್ಕೊಂಡು ಇಳೀರಿ."

ಸಣ್ಣಮಾವ ಮುಷ್ಟಿ ಬಿಚ್ಚಿ, ಮುದುಡಿದ ಟಿಕೆಟ್ಟನ್ನು ತೊಡೆಯ ಮೇಲೆ ಇಸ್ತ್ರಿ ಮಾಡಿದ ಹಾಗೆ ಸವರಿ ಓದಿದ. "ಇದು... ಕೊನೇ ಸ್ಟಾಪಿಂದು. ತಪ್ಪಾಗಿ ಕೊಟ್ಟಿದ್ದೀರಿ. ಕಾಲೇಜಿನ ದುಡ್ಡಷ್ಟೇ ಹಿಡ್ಕೊಂಡಿದ್ದೀರಿ."

"ಗೊತ್ತು. ಮಿಕ್ಕಿದ್ದು ನಾನು ಹಾಕಿದೀನಿ." ಅವಳು ಮಷೀನನ್ನು ಎದೆಗವಚಿಕೊಂಡು ನಿಂತಿದ್ದಳು. ಅವನ ಮುಖವನ್ನು ನೆಟ್ಟ ಕಣ್ಣಿನಿಂದ ನೋಡುತ್ತಿದ್ದಳು. "ನನ್ನ ಡ್ಯೂಟಿ ಮುಗಿಯೋದು ಅಲ್ಲೇ. ನಿಮಗೆ ಬೇರೆ ಕೆಲಸ ಇದ್ರೆ ಇಳೀರಿ."

ಡ್ರೈವರು ಕನ್ನಡಿಯಲ್ಲಿ ನೋಡುತ್ತ, "ಏನಮ್ಮಾ, ರೈಟ್ ಅಂತೀಯೋ, ಇಲ್ಲಾ ನಾನೂ ಇಳಿದುಬಿಡ್ಲೋ?" ಅಂದ.

ಸಣ್ಣಮಾವ ಕೆಳಗಿಟ್ಟಿದ್ದ ಕಾಲನ್ನು ಮೇಲೆ ತೆಗೆದುಕೊಂಡ.

"ರೈಟ್" ಅಂದದ್ದು ಅವಳಲ್ಲ, ಅವನು.