ತುಟಿಗೆ ಹಚ್ಚದ ಮಸಿ

ದಿಯೆಪ್ ಅಕ್ಕ ಮೆಕಾಂಗ್ ನದಿಯ ಕಾಲುವೆಗಳ ನಡುವಿನ ನಮ್ಮೂರಿನ ಸೂಲಗಿತ್ತಿ. ಇಪ್ಪತ್ತೆರಡು ವರ್ಷದಿಂದ ಅವಳನ್ನು ಬಾಣಂತಿಯರ ಮನೆಗೆ ದೋಣಿಯಲ್ಲಿ ಒಯ್ಯುವವಳು ನಾನು. ನನ್ನ ಎಂಜಿನ್ನು, ಅವಳ ಬಾಯಿ ಎರಡೂ ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ.

ನಮ್ಮಲ್ಲಿ ಹಸುಗೂಸನ್ನು ಹೊಗಳಬಾರದು. ಚೆಂದ ಎಂದರೆ ಮುಗಿಯಿತು, ಕೇಳಿಸಿಕೊಂಡ ದೆವ್ವ ಎತ್ತಿಕೊಂಡು ಹೋಗುತ್ತದೆ. ಬಂದವರೆಲ್ಲ "ಥೂ, ಎಂಥಾ ಕುರೂಪ!" ಎನ್ನಬೇಕು. ಬೈದಷ್ಟೂ ಮನೆಯವರಿಗೆ ಖುಷಿ. ಒಂದು ಸಲ ಅಕ್ಕ ಹೀಗೇ ಕೂಸಿನ ಮುಖ ನೋಡದೆ ಬಾಗಿಲಲ್ಲಿ ನಿಂತು "ಕರೀ ಕೋತಿ" ಎಂದು ಬೈದು, ಚಹಾ ಕುಡಿದು ಬಂದಿದ್ದಳು. ಮರುದಿನ ಆ ಕೂಸು ತೀರಿಕೊಂಡಿತು. ಆಮೇಲೆ ಅವಳು ಯಾವ ಕೂಸನ್ನೂ ನೋಡದೆ ಬೈದದ್ದಿಲ್ಲ.

ಅಂದು ಹ್ವೆ ಅಜ್ಜಿಯ ಸೊಸೆ ಥಾವ್ ಹೆತ್ತು ಮೂರನೆಯ ದಿನ. ಮಂಚದಡಿ ಕೆಂಡ, ಕಿಟಕಿಗಳಿಗೆ ಕಂಬಳಿ. ಮಟಮಟ ಮಧ್ಯಾಹ್ನದಲ್ಲೂ ಕೋಣೆಯಲ್ಲಿ ಕತ್ತಲೆ.

"ಹಾಲು ಕುಡೀತಿಲ್ಲ ಅಕ್ಕಾ. ಎರಡು ಗುಟುಕಿಗೇ ಏದುಸಿರು ಬಿಡುತ್ತೆ" ಎಂದಳು ಥಾವ್.

ಅಕ್ಕ ಕೂಸಿನ ಮುಖಕ್ಕೆ ಟಾರ್ಚ್ ಬಿಟ್ಟಳು. ಅವಳ ಮುಖ ಇಳಿದುಹೋಯಿತು.

"ಅಜ್ಜೀ, ಕೂಸು ನೀಲಿಗಟ್ಟಿದೆ."

"ಹೌದೌದು ಕಣೇ, ನೀಲಿ ಕೋತಿ!" ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಇನ್ನೂ ಬೈಯಿ."

"ಬೈತಿಲ್ಲ ಅಜ್ಜೀ. ಇದು ಹೃದಯದ ತೊಂದರೆ. ಈಗಲೇ ಆಸ್ಪತ್ರೆಗೆ ಹೊರಡಿ."

ಅಜ್ಜಿಯ ನಗು ನಿಂತಿತು. "ತಿಂಗಳು ತುಂಬೋ ತನಕ ಕೂಸು ಹೊಸ್ತಿಲು ದಾಟೋಲ್ಲ. ಗಾಳಿ ತಾಗಿದ್ರೆ ನೀನು ಹೊಣೆಯೇನೇ? ಕತ್ತಲಲ್ಲಿ ಹಾಗೆ ಕಾಣುತ್ತೆ, ಅಷ್ಟೇ."

ಮುದುಕಿ ಕೂಸನ್ನು ಎದೆಗೆ ಅವುಚಿಕೊಂಡು ಗೋಡೆಗೆ ತಿರುಗಿ ಕುಳಿತಳು. ಎಂಥ ಹಟಮಾರಿ! ಕೂಸಿನ ಉಸಿರು ಬಾಗಿಲಲ್ಲಿದ್ದ ನನಗೂ ಕೇಳುತ್ತಿತ್ತು. ಅಕ್ಕ ನನ್ನತ್ತ ಒಮ್ಮೆ ನೋಡಿದಳು. ಆಮೇಲೆ ಗಂಟಲು ಹರಿಯುವಂತೆ ಕೂಗಿದಳು:

"ಆಹಾ, ಎಷ್ಟು ಚೆಂದದ ಕೂಸು! ಊರಲ್ಲೇ ಇಂಥದ್ದಿಲ್ಲ!"

ಥಾವ್ ಕಿವಿ ಮುಚ್ಚಿಕೊಂಡಳು.

"ಅಯ್ಯೋ, ನಿನ್ನ ಬಾಯಿಗೆ ಮಣ್ಣು ಹಾಕ!" ಎನ್ನುತ್ತ ಅಜ್ಜಿ ಕೂಸನ್ನೆತ್ತಿಕೊಂಡು, ಹೊಸ್ತಿಲಿನ ಮಾತೂ ಮರೆತು, ದೃಷ್ಟಿಗೆ ಮಸಿ ಹಚ್ಚಲು ಹಿತ್ತಲಿಗೆ ಓಡಿದಳು. ಒಲೆ ಇದ್ದದ್ದು ಕಾಲುವೆ ದಂಡೆಯ ಬಿಸಿಲಲ್ಲಿ, ಅದು ಅಕ್ಕನಿಗೆ ಗೊತ್ತಿತ್ತು. ಅನ್ನದ ಪಾತ್ರೆಯ ತಳಕ್ಕೆ ಬೆರಳೊತ್ತಿ ಕೂಸಿನ ಹಣೆಗಿಟ್ಟಳು. ಬೆರಳು ಅಲ್ಲೇ ನಿಂತಿತು.

"ದಿಯೆಪ್... ತುಟಿಗೆ ನಾನು ಮಸಿ ಹಚ್ಚಿಲ್ಲ ಕಣೇ."

"ದೋಣಿ ಹತ್ತಿ ಅಜ್ಜೀ" ಎಂದಳು ಅಕ್ಕ.

ನೀರಿಳಿತದ ಹೊತ್ತು. ಎರಡು ಕಡೆ ದೋಣಿ ಕೆಸರಿಗೆ ಕೂತಿತು. ನಾನು ಸೊಂಟದವರೆಗೆ ಇಳಿದು ತಳ್ಳಿದೆ. ಕಾನ್ ಥೋ ಆಸ್ಪತ್ರೆಯಲ್ಲಿ ಡಾಕ್ಟರು ಕೂಡಲೇ ಔಷಧಿಯ ಡ್ರಿಪ್ ಹಾಕಿದರು. ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳು ಅದಲುಬದಲಾಗಿದ್ದವಂತೆ. ಗರ್ಭದಲ್ಲಿದ್ದಾಗಿನ ಒಂದು ಸಣ್ಣ ಕೊಳವೆ ಇಷ್ಟು ದಿನ ಕೂಸನ್ನು ಉಳಿಸಿತ್ತು, ಅದೀಗ ಮುಚ್ಚುತ್ತಿತ್ತು. ಡ್ರಿಪ್ ಅದನ್ನು ತೆರೆದಿಡಲು. ಅಲ್ಲಿಂದ ಕೂಸನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಹುಟ್ಟಿದ ಒಂಬತ್ತನೆಯ ದಿನ ಸೈಗಾನ್‌ನಲ್ಲಿ ಎರಡೂ ನಾಳಗಳನ್ನು ಕತ್ತರಿಸಿ ಸರಿಯಾದ ಜಾಗಕ್ಕೆ ಹೊಲಿಯಲು ಕೂಸನ್ನು ಆಪರೇಷನ್ ಕೋಣೆಯೊಳಗೆ ಒಯ್ದರು.

ಆರು ಗಂಟೆ ಕಾಲ ಅಕ್ಕ ಬೆಂಚಿನಿಂದ ಏಳಲಿಲ್ಲ.

"ಚೆಂದ ಅಂದುಬಿಟ್ಟೆ ಕಣೇ. ಹೋದ್ರೆ ನನ್ನ ಬಾಯಿಂದಲೇ ಹೋಯ್ತು ಅಂತಾರೆ. ನನಗೂ ಹಾಗೇ ಅನ್ಸುತ್ತೆ."

"ಬಾಯಿ ಮುಚ್ಚೇ ಅಕ್ಕಾ" ಎಂದೆ. ನನಗೂ ಭಯವಾಗಿತ್ತು.

ಕೂಸು ಉಳಿಯಿತು. ತಿಂಗಳು ತುಂಬಿದ ಊಟ ಎರಡನೆಯ ತಿಂಗಳಿಗೆ ನಡೆಯಿತು. ಅಂಟಕ್ಕಿ ಸಿಹಿ ಹಂಚುವ ಮೊದಲು ಎಲ್ಲರೂ ಅಕ್ಕನ ಬೈಗುಳಕ್ಕಾಗಿ ಕಾದರು. ಹ್ವೆ ಅಜ್ಜಿ ಕೂಸನ್ನು ಎತ್ತಿಕೊಂಡು ಸೀದಾ ಹಿತ್ತಲ ಬಿಸಿಲಿಗೆ ನಡೆದಳು.

"ಬಾರೇ ಇಲ್ಲಿ. ಮೊದಲು ತುಟಿ ನೋಡು. ಆಮೇಲೆ ಬೈಯಿ."

ಅಕ್ಕ ಬಗ್ಗಿ ನೋಡಿದಳು. ಕೆಂಪಗಿತ್ತು.

"ಥೂ, ಎಂಥಾ ಕುರೂಪ" ಎಂದು ಬಿಕ್ಕಿಬಿಕ್ಕಿ ಅತ್ತಳು.