ನೆಂಟರಣ್ಣನ ಫ್ರಿಜ್ಜು

ಪೊಲೀಸ್ ಪ್ರಯೋಗಾಲಯದಲ್ಲಿ ಮಾದರಿಗಳನ್ನು ಕಾಯುತ್ತಿದ್ದ ಹಿರಿಯರನ್ನು ಎಲ್ಲರೂ ನೆಂಟರಣ್ಣ ಅನ್ನುತ್ತಾರೆ. ತನಿಖೆಗೆ ನೆರವಾಗಲೆಂದು ತಾವಾಗಿಯೇ ಬಂದು ಡಿಎನ್‌ಎ ಹೋಲಿಕೆಗೆ ಎಂಜಲಿನ ಮಾದರಿ ಕೊಟ್ಟವರೆಲ್ಲ ಅವರ ಪಾಲಿಗೆ ನೆಂಟರು. ಆ ಶೀಶೆಗಳಿರುವ ಫ್ರಿಜ್ಜಿನ ಬಾಗಿಲನ್ನು ಮಗು ಮಲಗಿದ ಕೋಣೆಯ ಬಾಗಿಲಿನಂತೆ ಸದ್ದಿಲ್ಲದೆ ಮುಚ್ಚುತ್ತಿದ್ದರು. "ಹೇಗೂ ಇದೆಯಲ್ಲ, ಇನ್ನೊಂದು ಕೇಸಿಗೂ ಹೋಲಿಸಿ ನೋಡಿಬಿಡಿ" ಎಂದು ಇನ್ಸ್‌ಪೆಕ್ಟರು ಬಂದರೆ, "ಊಟಕ್ಕೆ ಕರೆದು ಜೇಬು ತಡಕೋದಾ ಸಾರ್? ಅವರು ಒಪ್ಪಿದ್ದು ಒಂದೇ ಕೇಸಿಗೆ, ಕಾನೂನೂ ಅಷ್ಟೇ ಹೇಳೋದು" ಎಂದು ಚಹಾ ಕುಡಿಸಿ ಬರಿಗೈಯಲ್ಲಿ ಕಳಿಸುತ್ತಿದ್ದರು. ಕೇಸು ಮುಗಿದೊಡನೆ ಕಾನೂನಿನಂತೆ ಶೀಶೆಗಳನ್ನು ಸುಡಲು ಒಯ್ಯುತ್ತಿದ್ದುದೂ ಅವರೇ. ಒಂದೊಂದನ್ನೇ ಬೆಂಕಿಗೆ ಬಿಡುತ್ತ "ಹೋಗಿ ಬನ್ನಿ" ಅನ್ನುತ್ತಿದ್ದರು, ಒಡನೆಯೇ ನಾಲಿಗೆ ಕಚ್ಚಿಕೊಂಡು "ಬರಬೇಡಿ, ಹೋಗಿ" ಎಂದು ತಿದ್ದಿಕೊಳ್ಳುತ್ತಿದ್ದರು. ಇಷ್ಟು ವರ್ಷವಾದರೂ ಆ ಮೊದಲ ಮಾತು ಬಾಯಿಗೆ ಬರುವುದು ತಪ್ಪಿರಲಿಲ್ಲ. ಸಿಬ್ಬಂದಿಯ ಎಂಜಲು ಎಲ್ಲಾದರೂ ಬೆರೆತರೆ ಗುರುತು ಸಿಗಲೆಂದು ಅವರೂ ಒಂದು ಶೀಶೆ ಕೊಟ್ಟಿದ್ದರು. ಮೊನ್ನೆ ನಿವೃತ್ತಿಯ ದಿನ, "ಇನ್ನು ನಿಮ್ಮದನ್ನೂ ಸುಡೋಣವಾ ಅಣ್ಣಾ?" ಎಂದು ಅವರ ಜಾಗಕ್ಕೆ ಬಂದ ನಾನು ಕೇಳಿದೆ. ಫ್ರಿಜ್ಜಿನ ಬೀಗದಕೈ ನನ್ನ ಅಂಗೈಯಲ್ಲಿಟ್ಟು ನಕ್ಕರು. "ನಂದು ಇರಲಿ ಅಂತ ಒಪ್ಪಿಗೆ ಬರೆದುಕೊಟ್ಟಿದೀನಿ. ನೆಂಟರು ಬಂದಾಗ ಮನೇಲಿ ಯಾರಾದ್ರೂ ಇರಬೇಕಲ್ಲಪ್ಪ."